ಹೆಡ್‌ಮಾಸ್ಟರ ಕಾರು ಗುರುವಾರ ಎಲ್ಲಿಗೆ ಹೋಗುತ್ತಿತ್ತು

ಅವರೆಕಾಯಿ ಮುಗಿದು ಹುಣಸೆಹಣ್ಣು ಬಡಿಯುವ ಕಾಲ. ಬೆಳಿಗ್ಗೆ ಚಳಿ, ಮಧ್ಯಾಹ್ನ ಸೆಕೆ. ಈ ಕಥೆ ಶುರುವಾದಾಗ ನಾಲ್ಕು ಗಂಟೆ ಅಂತ ಖಾತ್ರಿಯಾಗಿ ಹೇಳಬಲ್ಲೆ, ಯಾಕೆಂದರೆ ಆಗಷ್ಟೇ ಡಾಕ್ಟರ ಅಂಬಾಸಿಡರ್ ನನ್ನ ಅಂಗಡಿ ಮುಂದೆ ಬಂದು ನಿಂತಿತ್ತು. ಡಾಕ್ಟರು ತೀರಿಕೊಂಡು ಹದಿನೆಂಟು ವರ್ಷವಾಯಿತು. ಆದರೂ ದಿನಾ ನಾಲ್ಕಕ್ಕೆ ಕೀಲಿ ತಿರುಗಿಸಿದರೆ ಸಾಕು, ಅವರು ಇಂಜೆಕ್ಷನ್ ಕೊಡಲು ಹೋಗುತ್ತಿದ್ದ ಮನೆಗಳ ಮುಂದೆಲ್ಲ ಆ ಕಾರು ಹತ್ತು ಹತ್ತು ನಿಮಿಷ ನಿಂತು ಹೋಗುತ್ತದೆ. ಈಗ ಅದನ್ನು ಇಟ್ಟುಕೊಂಡಿರುವವನು ಬಾಳೆಹಣ್ಣಿನ ವ್ಯಾಪಾರದವನು. ಪ್ರತಿ ಬಾಗಿಲಲ್ಲೂ ಹತ್ತು ನಿಮಿಷ ನಿಲ್ಲುವ ಗಾಡಿ ಹಣ್ಣು ಮಾರುವುದಕ್ಕೆ ಇನ್ನೆಲ್ಲಿ ಸಿಗಬೇಕು? ನನ್ನ ಅಂಗಡಿ ಮುಂದೆ ಅದು ನಿಲ್ಲುವುದು ನನ್ನ ತಾಯಿಗೆ ದಮ್ಮಿನ ಕಾಯಿಲೆ ಇತ್ತು ಅಂತ.

ನಮ್ಮೂರಲ್ಲಿ ಯಾವ ಯಂತ್ರವಾದರೂ ಮೂವತ್ತು ವರ್ಷ ತುಂಬಿತೆಂದರೆ ತನ್ನ ಮೊದಲ ಯಜಮಾನನ ಅಭ್ಯಾಸಕ್ಕೆ ಬೀಳುತ್ತದೆ. ಕಾರಾದರೆ, ಅವನು ಯಾವ ವಾರ ಯಾವ ಹೊತ್ತಿಗೆ ಎಲ್ಲಿಗೆ ಹೋಗುತ್ತಿದ್ದನೋ ಅಲ್ಲಿಗೇ ಹೋಗುತ್ತದೆ. ಅವನು ಹೊರಡದ ಹೊತ್ತಿನಲ್ಲಿ ಸ್ಟಾರ್ಟೇ ಆಗುವುದಿಲ್ಲ. ಸ್ಟೇರಿಂಗ್ ಇರುವುದು ಕೈ ಇಟ್ಟುಕೊಳ್ಳುವುದಕ್ಕೆ. ಟಿವಿಯಾದರೆ ಆ ಮನೆಯವರು ಆ ಹೊತ್ತಿಗೆ ನೋಡುತ್ತಿದ್ದುದನ್ನೇ ತೋರಿಸುತ್ತದೆ, ಮುಗಿದ ಮೇಲೆ ಮತ್ತೆ ಮೊದಲಿನಿಂದ. ಇದಕ್ಕೆ ಊರಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಕೋರ್ಟಿಗೆ ಹೋಗಬೇಕಾದವರು ವಕೀಲರ ಕಾರು ಕೇಳುತ್ತಾರೆ, ಬಸ್ ಸ್ಟ್ಯಾಂಡಿಗೆ ಹೋಗಬೇಕಾದವರು ಪೋಸ್ಟ್‌ಮಾಸ್ಟರರದು. ಹೋಟೆಲಿನ ಟಿವಿ ಮೊದಲು ರೇಷ್ಮೆ ಇಲಾಖೆಯವರ ಮನೆಯದು. ಹಾಗಾಗಿ ಅಲ್ಲಿ ಸಂಜೆ ಕಾಫಿ ಕುಡಿಯುವ ದರ್ಜಿ, ಬಡಗಿ, ಪೊಲೀಸಿನವರಿಗೆಲ್ಲ ಹಿಪ್ಪುನೇರಳೆ ಸೊಪ್ಪಿನ ರೋಗಗಳು ಬಾಯಿಪಾಠ. ನಮ್ಮ ಬೀದಿಯ ಕೊನೆಮನೆಯ ಟಿವಿ ದಿನಾ ಆರೂಮುಕ್ಕಾಲಿಗೆ ಬರೀ ಚುಕ್ಕೆ ಚುಕ್ಕೆಯಾಗುತ್ತದೆ. ಆ ಹೊತ್ತಿನಲ್ಲಿ ಮನೆಯ ಯಜಮಾನರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದರಂತೆ. ಈಗ ಮಾಳಿಗೆಯ ಮೇಲೆ ಆಂಟೆನಾ ಇಲ್ಲ, ಯಜಮಾನರೂ ಇಲ್ಲ. ಆದರೂ ಮನೆಯವರು ಅಂಗಳಕ್ಕೆ ಬಂದು ಆಕಾಶ ನೋಡಿಕೊಂಡು ‘ಬಂತು, ಬಂತು, ಹೋಯ್ತು, ಬಂತು’ ಅಂತ ಕೂಗುತ್ತಾರೆ. ಕೂಗದಿದ್ದರೆ ಚುಕ್ಕೆ ಹೋಗುವುದಿಲ್ಲ.

ನನ್ನದು ಕುಶನ್ ಕೆಲಸ. ಕಾರಿನ ಸೀಟು ಬಿಚ್ಚಿ, ಸ್ಪ್ರಿಂಗ್ ಬಿಗಿದು, ತೆಂಗಿನ ನಾರು ತುಂಬಿ, ಮೇಲೆ ರೆಕ್ಸಿನ್ ಹೊಲಿಯುವುದು. ಉಳಿದ ಬಟ್ಟೆಯಲ್ಲಿ ಟಿವಿಗೆ ಹೊದಿಕೆ. ಸೀಟಿನ ಸಂದಿಯಲ್ಲಿ ಮನುಷ್ಯರು ಏನೇನು ಬೀಳಿಸಿಕೊಳ್ಳುತ್ತಾರೆ ಎಂಬುದು ಈ ಊರಲ್ಲಿ ನನ್ನಷ್ಟು ಯಾರಿಗೂ ಗೊತ್ತಿಲ್ಲ. ಸಿಕ್ಕಿದ್ದನ್ನು ಕಾಗದದಲ್ಲಿ ಮಡಿಸಿ ಯಜಮಾನರ ಕೈಗೆ ಕೊಡುತ್ತೇನೆ. ಪಕ್ಕದಲ್ಲಿ ಅವರ ಹೆಂಡತಿ ನಿಂತಿದ್ದರೆ ಕೊಡುವುದಿಲ್ಲ. ಐವತ್ತೈದು ವರ್ಷ ಕೆಲಸ ನಡೆದುಕೊಂಡು ಬಂದಿರುವುದು ಹೀಗೇ.

ಆವತ್ತು ಡಾಕ್ಟರ ಕಾರಿನ ಹಿಂದೆಯೇ ನಡೆದು ಬಂದವರು ಪಾತ್ರೆ ಅಂಗಡಿ ಧರಣೇಂದ್ರಯ್ಯನವರು. ಹಳೇ ಯಂತ್ರಗಳ ಅಭಿಮಾನಿ ಸಂಘಕ್ಕೆ ಅವರೇ ಅಧ್ಯಕ್ಷರು. ಸಂಘದವರು ಭಾನುವಾರ ಅವರ ಗೋದಾಮಿನಲ್ಲಿ, ಕೊಳಗ ಕೊಪ್ಪರಿಗೆಗಳ ನಡುವೆ ಸೇರುತ್ತಾರೆ. ಮರದ ಬಾಗಿಲಿನ ಟಿವಿಯ ಕಿವಿ ತಿರುಗಿಸಿ, ಆ ಟಕ್ ಟಕ್ ಶಬ್ದಕ್ಕೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಕಾರಿನ ಬಾನೆಟ್ ಮೇಲೆ ಬೆರಳಿಂದ ತಟ್ಟಿ, ಆ ಕಾಲದ್ದು ತಗಡು, ಈಗಿನದು ಹಪ್ಪಳ ಅನ್ನುತ್ತಾರೆ. ರಿಮೋಟ್ ಎಂಬ ಮಾತು ಯಾರ ಬಾಯಲ್ಲಾದರೂ ಬಂದರೆ ಅವನು ಎದ್ದುಹೋಗಿ ಸ್ವಲ್ಪ ಹೊತ್ತು ಹೊರಗೆ ನಿಂತು ಬರಬೇಕು. ಅಧ್ಯಕ್ಷರ ಪ್ರೀತಿಯ ಕಾರು ಬೇರೆ ಊರಿನಿಂದ ತಂದ ದೊಡ್ಡ ಕರಿಯ ಗಾಡಿ. ಮೂವತ್ತು ತುಂಬಿದ ದಿನದಿಂದ ಅದು ಕೀಲಿ ಹಾಕಿದರೆ ಸಾಕು, ತವರಿಗೆ ಹೊರಟುಬಿಡುತ್ತದೆ. ಎರಡು ಸಲ ಲಾರಿಯಲ್ಲಿ ಹೇರಿಸಿ ವಾಪಸು ತಂದು, ಈಗ ಆನೆ ಕಟ್ಟುವಂಥ ಸರಪಣಿಯಲ್ಲಿ ಕಟ್ಟಿ ಹಾಕಿದ್ದಾರೆ.

ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬುತ್ತದೆ, ಕಾರುಗಳ ಮೆರವಣಿಗೆ ಮಾಡಬೇಕು ಎಂಬುದು ಅವರ ಹಂಬಲ. ಇಂಥದ್ದೊಂದು ಹಿಂದೆಯೂ ನಡೆದಿತ್ತು. ಬಾವುಟ ಬೀಸಿದ ಐದು ನಿಮಿಷದಲ್ಲಿ ಒಂದೊಂದು ಕಾರು ಒಂದೊಂದು ದಿಕ್ಕು ಹಿಡಿದು, ಬೀದಿಯಲ್ಲಿ ಧರಣೇಂದ್ರಯ್ಯನವರೂ ಬ್ಯಾಂಡಿನವರೂ ಮಾತ್ರ ಉಳಿದಿದ್ದರು. ಈ ಸಲ ಅವರು ಉಪಾಯ ಮಾಡಿದ್ದರು. ಮುಂದಿನ ಕಾರು ಒಂದು ನೆಟ್ಟಗೆ ದೊಡ್ಡಬೀದಿಯಲ್ಲಿ ಹೋದರೆ ಸಾಕು, ಉಳಿದ ನಾಲ್ಕನ್ನು ಇಂಜಿನ್ ಆರಿಸಿ ಅದರ ಹಿಂದೆ ಹಗ್ಗದಲ್ಲಿ ಕಟ್ಟುವುದು. ನಮ್ಮೂರಲ್ಲಿ ಅಭ್ಯಾಸದ ಹೊತ್ತಿಗೆ ಹೊರಟ ಕಾರನ್ನು ಎರಡು ಜೊತೆ ಎತ್ತು ಹಿಂದಕ್ಕೆಳೆದರೂ ನಿಲ್ಲಿಸಲಾಗದು. ಹಾಗಾಗಿ ನಾಲ್ಕು ಕಾರು ಎಳೆಯುವುದು ಹೆಚ್ಚಲ್ಲ. ನೆಟ್ಟಗೆ ಹೋಗುವ ಕಾರು ಊರಿಗೆಲ್ಲ ಒಂದೇ, ಹೆಡ್‌ಮಾಸ್ಟರ್ ಪಂಚಾಕ್ಷರಯ್ಯನವರ ಕೆನೆಬಣ್ಣದ ಫಿಯೆಟ್. ಮನೆಯಿಂದ ಗಡಿಯಾರದ ಕಂಬ, ಅಲ್ಲಿಂದ ಹೈಸ್ಕೂಲು. ಮೇಷ್ಟ್ರು ತೀರಿಕೊಂಡು ಇಪ್ಪತ್ತೆರಡು ವರ್ಷದಿಂದ ಅದು ಶೆಡ್ಡಿನಲ್ಲಿ ಇಟ್ಟಿಗೆಗಳ ಮೇಲೆ ನಿಂತಿದೆ. ಸಂಘದವರು ಹೋಗಿ ಕೇಳಿದಾಗಲೆಲ್ಲ ಅವರ ಹೆಂಡತಿ ಗುರುಸಿದ್ದಮ್ಮನವರು ಬಾಗಿಲಲ್ಲೇ ಇಲ್ಲವೆಂದು ಕಳಿಸಿದ್ದಾರೆ. ಈಗ ನಾನು ಕೇಳಬೇಕಂತೆ.

“ನೀವು ಹೇಳಿದ್ರೆ ಅಮ್ಮಾವ್ರು ಒಪ್ತಾರೆ ಸಾಬ್ರೇ. ನಿಮ್ಮನೆಯೋರಿಗೂ ಅವರಿಗೂ ಅಷ್ಟು ಬಳಕೆ ಇದೆ” ಅಂದರು.

ಬಳಕೆ ಇದ್ದದ್ದು ನಿಜ. ಎಂಥ ಬಳಕೆ ಎಂಬುದು ಧರಣೇಂದ್ರಯ್ಯನವರಿಗೆ ಗೊತ್ತಿರಲಿಲ್ಲ.

ಊರಿಗೆ ಟಿವಿ ಬಂದ ವರ್ಷ ಪಂಚಾಕ್ಷರಯ್ಯ ಮೇಷ್ಟ್ರು ಅದರ ವಿರುದ್ಧ ಮಕ್ಕಳ ಮೆರವಣಿಗೆ ತೆಗೆದಿದ್ದರು. ‘ಟಿವಿ ನೋಡುವ ಮನೆಗೆ ವಿದ್ಯೆ ಬಾರದು’ ಎಂಬ ಬಟ್ಟೆಯ ಫಲಕ ಹೊಲಿದುಕೊಟ್ಟವನು ನಾನೇ. ಗಡಿಯಾರದ ಕಂಬದ ಹತ್ತಿರ ಹೆಂಡತಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ನಾವಿಬ್ಬರೂ ಸಾಯುವ ತನಕ ಆ ಪೆಟ್ಟಿಗೆಯ ಕಡೆ ತಿರುಗಿ ನೋಡುವುದಿಲ್ಲ ಅಂತ ಪ್ರತಿಜ್ಞೆ ಮಾಡಿದರು. ಗುರುಸಿದ್ದಮ್ಮನವರನ್ನು ಯಾರೂ ಕೇಳಿರಲಿಲ್ಲ. ಆದರೂ ಅವರು ತಲೆ ಆಡಿಸಿದರು.

ಅದಾಗಿ ಎರಡು ವರ್ಷಕ್ಕೆ ಗುರುವಾರ ಸಂಜೆ ಏಳರಿಂದ ಏಳೂವರೆಯ ತನಕ ಒಂದು ಹಿಂದಿ ಧಾರಾವಾಹಿ ಬರತೊಡಗಿತು. ಬೆಟ್ಟದ ಊರೊಂದರ ಆಸ್ಪತ್ರೆ, ಅಲ್ಲೊಬ್ಬಳು ನರ್ಸಮ್ಮ, ಅವಳನ್ನು ಗೋಳು ಹುಯ್ದುಕೊಳ್ಳುವ ಒಬ್ಬ ಕಾಂಪೌಂಡರ್. ಬೀದಿಯಲ್ಲಿ ಹಿಂದಿ ಬರುತ್ತಿದ್ದವರು ಯಾರೂ ಇರಲಿಲ್ಲ. ನನ್ನ ಹೆಂಡತಿ ಜೈತೂನ್‌ಬಿ ನಮ್ಮ ಮನೆಮಾತಿನ ಬಲದ ಮೇಲೆ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಳು. ಅರ್ಥವಾಗದ ಕಡೆ ತನ್ನದೊಂದು ಸೇರಿಸುತ್ತಿದ್ದಳು. ಅರ್ಥವಾದ ಕಡೆಯೂ ಸೇರಿಸುತ್ತಿದ್ದಳು. ಸೀರೆಗೆ ಕುಚ್ಚು ಕಟ್ಟಿಸಬೇಕೆಂದು ಗುರುವಾರ ಗುರುವಾರ ಹಿತ್ತಲ ಬಾಗಿಲಿನಿಂದ ಬಂದು ಈ ಕಥೆ ನೋಡುತ್ತಿದ್ದವರು ಗುರುಸಿದ್ದಮ್ಮನವರು. ಆ ಒಂದು ಸೀರೆಯ ಕುಚ್ಚು ನಾಲ್ಕು ವರ್ಷ ನಡೆಯಿತು. ಏಳೂ ಇಪ್ಪತ್ತೈದಕ್ಕೆ ಸರಿಯಾಗಿ ಅವರು ಎದ್ದು, ಸೆರಗು ಸಿಕ್ಕಿಸಿಕೊಂಡು ಮನೆಗೆ ಓಡುತ್ತಿದ್ದರು, ಮೇಷ್ಟ್ರ ಕಾರು ಬರುವುದರೊಳಗೆ. ಗೆಳತಿ ನೋಡದ್ದನ್ನು ತಾನು ನೋಡಬಾರದೆಂದು ಜೈತೂನ್‌ಬಿ ಆಗಲೇ ಟಿವಿ ಆರಿಸಿಬಿಡುತ್ತಿದ್ದಳು. ನಾಲ್ಕು ವರ್ಷದಲ್ಲಿ ಅವರಿಬ್ಬರೂ ಒಂದು ವಾರದ್ದೂ ಕೊನೆಯ ಐದು ನಿಮಿಷ ನೋಡಲಿಲ್ಲ. ನಮ್ಮ ಆ ಟಿವಿ ಈಗಲೂ ಗುರುವಾರ ಏಳೂ ಇಪ್ಪತ್ತೈದಕ್ಕೆ ತಾನೇ ಆರಿಹೋಗುತ್ತದೆ. ಅದರ ಮೇಲೆ ಗಡಿಯಾರ ಇಟ್ಟಿದ್ದೇವೆ.

ಹಾಗಾದರೆ ಮೇಷ್ಟ್ರು ಗುರುವಾರ ಎಲ್ಲಿಗೆ ಹೋಗುತ್ತಿದ್ದರು? ಶಾಲೆಯಲ್ಲಿ ಪರೀಕ್ಷಾ ಮಂಡಳಿಯ ಸಭೆ ಅನ್ನುತ್ತಿದ್ದರು. ಮೇ ತಿಂಗಳಲ್ಲಿ ಎಂಥ ಪರೀಕ್ಷೆ ಅಂತ ಗುರುಸಿದ್ದಮ್ಮನವರು ಕೇಳಬಹುದಿತ್ತು. ಕೇಳಿದರೆ ನೀನು ಆ ಹೊತ್ತಿನಲ್ಲಿ ಎಲ್ಲಿದ್ದೆ ಅಂತ ಅವರೂ ಕೇಳುತ್ತಾರಲ್ಲ. ಕಾರು ಗಡಿಯಾರದ ಕಂಬದಲ್ಲಿ ನೆಟ್ಟಗೆ ಹೋಗದೆ ಗೋಡೌನ್ ಬೀದಿಗೆ ತಿರುಗಿದ್ದನ್ನು ನೋಡಿದವರಿದ್ದರು. ಆ ಬೀದಿಯಲ್ಲಿ ಇದ್ದದ್ದು ನಾಟಕ ಕಂಪನಿ ನಡೆಸಿದ್ದ ಮಂದಾಕಿನಿಬಾಯಿಯ ಮನೆ ಒಂದೇ, ಉಳಿದದ್ದೆಲ್ಲ ಗೋದಾಮು. ನಾಲ್ಕು ವರ್ಷದ ಮೇಲೆ ಒಂದು ಗುರುವಾರ ಮೇಷ್ಟ್ರು ಮನೆಗೆ ಬಂದವರು ಊಟ ಮಾಡದೆ ಮಲಗಿದರಂತೆ. ಮುಂದಿನ ವಾರದಿಂದ ಸಭೆ ನಿಂತುಹೋಯಿತು. ಅವರು ಹೋಗುತ್ತಿದ್ದಾಗ ಇಲ್ಲದಷ್ಟು ಸಂಕಟ ಗುರುಸಿದ್ದಮ್ಮನವರಿಗೆ ಅದು ನಿಂತ ಮೇಲೆ ಆಯಿತು ಅಂತ ಜೈತೂನ್‌ಬಿ ಹೇಳುತ್ತಿದ್ದಳು. ಯಾರ ಸಲುವಾಗಿ ಊಟ ಬಿಟ್ಟರು ಎಂಬುದು ಅವರಿಗೆ ಗೊತ್ತಾಗಬೇಕಿತ್ತು, ಗೊತ್ತಾಗಲೂಬಾರದಿತ್ತು. ಮೇಷ್ಟ್ರು ತೀರಿಕೊಂಡ ವರ್ಷವೇ ಕಾರಿಗೆ ಮೂವತ್ತು ತುಂಬಿತು; ತುಂಬಿದ ದಿನ ಅವರು ಅದನ್ನು ಇಟ್ಟಿಗೆಯ ಮೇಲೆ ಏರಿಸಿದ್ದರ ಗುಟ್ಟು ಇಷ್ಟೇ.

ನಾನು ಹೋಗಿ ಕೇಳಿದೆ. ಅವರು ಬಹಳ ಹೊತ್ತು ಅಕ್ಕಿ ಆರಿಸುತ್ತಾ ಕೂತಿದ್ದರು. ಗುರುವಾರ ಒಂದು ಬಿಟ್ಟು ಯಾವತ್ತಾದರೂ ಆಗಲಿ ಅಂದರು. ಅದನ್ನು ಧರಣೇಂದ್ರಯ್ಯನವರಿಗೆ ಮುಟ್ಟಿಸಿದೆ. ಮುಖ್ಯ ಅತಿಥಿಗಳಾದ ತಹಶೀಲ್ದಾರರಿಗೆ ಗುರುವಾರ ಒಂದೇ ಬಿಡುವಂತೆ. ಬೆಳಿಗ್ಗೆ ಹತ್ತಕ್ಕೆ ಮುಗಿಸುತ್ತೇವೆ, ಸಂಜೆಯ ತನಕ ಕಾರು ಹೊರಗಿರುವುದಿಲ್ಲ ಅಂತ ಧರಣೇಂದ್ರಯ್ಯನವರೇ ಬಂದು ಗುರುಸಿದ್ದಮ್ಮನವರಿಗೆ ಮಾತು ಕೊಟ್ಟರು. ಸಾಬ್ರೇ ಓಡಿಸುವುದಾದರೆ ಆಗಲಿ ಅಂದರು ಅವರು. ಮಾರನೆ ದಿನ ನಾನು ಸೀಟು ಬಿಚ್ಚಿದೆ. ಸಂದಿಯಿಂದ ಎರಡು ಬೊಗಸೆ ಕಡಲೆಕಾಯಿ ಸಿಪ್ಪೆ ಉದುರಿತು. ಕಾಗದದಲ್ಲಿ ಮಡಿಸಲು ಹೋದೆ, ಗುರುಸಿದ್ದಮ್ಮನವರು ಹಿಂದೆಯೇ ನಿಂತಿದ್ದರು.

“ಪಿತ್ತ ಅಂತ ಮನೇಲಿ ಒಂದು ಕಾಳು ಬಾಯಿಗೆ ಹಾಕ್ತಿರಲಿಲ್ಲ” ಅಂದರು. ಅಷ್ಟೇ ಅಂದು ಒಳಗೆ ಹೋದರು.

ಮೆರವಣಿಗೆಯ ದಿನ ಹತ್ತಕ್ಕೆ ಮೇಷ್ಟ್ರ ಮನೆ ಮುಂದೆ ಎಲ್ಲ ಸಿದ್ಧವಾಗಿತ್ತು. ಮುಂದೆ ಫಿಯೆಟ್, ಹಿಂದೆ ಬಾವಿ ಹಗ್ಗದಲ್ಲಿ ಕಟ್ಟಿದ ನಾಲ್ಕು ಕಾರು, ಕೊನೆಯದು ಅಧ್ಯಕ್ಷರ 'ತವರಿನ' ಕಾರು. ಒಂದೊಂದರ ಹಿಂದಿನ ಸೀಟಿನಲ್ಲೂ ನಾನು ಹೊಲಿದ ಹೊದಿಕೆ ಹೊದ್ದು ಒಂದೊಂದು ಟಿವಿ, ಮದುವಣಗಿತ್ತಿಯ ಹಾಗೆ. ಫಿಯೆಟ್ಟಿನಲ್ಲಿ ನಾನು, ಪಕ್ಕದಲ್ಲಿ ಗೌರವಕ್ಕೆಂದು ಗುರುಸಿದ್ದಮ್ಮನವರು. ಹನ್ನೊಂದಾಯಿತು, ಒಂದಾಯಿತು. ತಹಶೀಲ್ದಾರರು ಎಲ್ಲೋ ಜಮೀನಿನ ಅಳತೆಗೆ ಹೋಗಿ ಅಲ್ಲಿ ಜಗಳದ ನಡುವೆ ಸಿಕ್ಕಿಕೊಂಡಿದ್ದಾರೆ ಅಂತ ಸುದ್ದಿ ಬಂತು. ನಾಲ್ಕಕ್ಕೆ ಡಾಕ್ಟರ ಕಾರು ನಮ್ಮನ್ನೆಲ್ಲ ದಾಟಿಕೊಂಡು ಬಾಳೆಹಣ್ಣು ಮಾರುತ್ತಾ ಹೋಯಿತು. ಮೆರವಣಿಗೆಯನ್ನು ಎದುರುಗೊಳ್ಳಲು ಹೋಗಿದ್ದ ಬ್ಯಾಂಡಿನವರು ಹೈಸ್ಕೂಲಿನ ಮುಂದೆ ಮಲಗಿದ್ದರು. ತಹಶೀಲ್ದಾರರು ಬಂದಾಗ ಆರು ಗಂಟೆ. ಹೊಸಬರು, ಎಳೆಯ ವಯಸ್ಸು, ಪ್ಯಾಂಟಿಗೆಲ್ಲ ಕೆಸರು. ಕ್ಷಮಿಸಿ ಅಂದು ಹಾರ ಹಾಕಿಸಿಕೊಂಡರು. ಧರಣೇಂದ್ರಯ್ಯನವರು ಭಾಷಣಕ್ಕೆ ನಿಂತರು, ಟಿವಿಯ ಕಿವಿಯ ಬಗ್ಗೆ, ತಗಡಿನ ಬಗ್ಗೆ. ಅವರು ಮುಗಿಸಿದಾಗ ಆರೂ ಇಪ್ಪತ್ತೈದು. ನಾನು ಇಳಿದು ಹೋಗಿ, ಬೇಡ, ನಾಳೆ ಬೆಳಿಗ್ಗೆ ಇಟ್ಟುಕೊಳ್ಳೋಣ ಅಂದೆ.

“ಯಾಕೆ ಸಾಬ್ರೇ? ಗುರುವಾರ ಸಂಜೆ ಆರೂವರೆಗೆ ಮೇಷ್ಟ್ರು ಸ್ಕೂಲಿಗೇ ಹೋಗ್ತಿದ್ರಲ್ಲ, ಪರೀಕ್ಷೆ ಸಭೆಗೆ. ದಾರಿ ಅದೇ” ಅಂದರು ಅವರು.

ಅವರ ಮಾತು ಗುರುಸಿದ್ದಮ್ಮನವರಿಗೂ ಕೇಳಿಸಿತು. ತಹಶೀಲ್ದಾರರು ಆಗಲೇ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ನಾನು ಒಳಗೆ ಕೂತು ಸಣ್ಣ ದನಿಯಲ್ಲಿ, “ಬ್ಯಾಟರಿ ವೈರ್ ಕಿತ್ತುಬಿಡಲಾ ಅಮ್ಮಾವ್ರೇ? ಕೆಟ್ಟೋಯ್ತು ಅಂತೀನಿ” ಅಂದೆ.

ಅವರು ಎದುರಿಗಿನ ಗಾಜು ನೋಡುತ್ತಿದ್ದರು. ಕೈಯಲ್ಲಿ ಕರ್ಚೀಫು ಹಗ್ಗದ ಹಾಗೆ ಸುತ್ತಿಕೊಂಡಿತ್ತು.

“ಬೇಡ ಸಾಬ್ರೇ. ಅದೆಲ್ಲಿಗೆ ಹೋಗುತ್ತೋ ಹೋಗ್ಲಿ. ಇನ್ನೆಷ್ಟು ವರ್ಷ ಇಟ್ಟಿಗೆ ಮೇಲೆ ನಿಲ್ಲಿಸಿಡ್ಲಿ?”

ಆರೂವರೆಗೆ ಕೀಲಿ ತಿರುಗಿಸಿದೆ. ಇಪ್ಪತ್ತೆರಡು ವರ್ಷ ನಿಂತ ಕಾರು ಒಂದೇ ಸಲಕ್ಕೆ ಹಿಡಿಯಿತು; ಅದಕ್ಕೂ ಅವಸರ ಇತ್ತೇನೋ. ಜನ ಚಪ್ಪಾಳೆ ತಟ್ಟಿದರು. ದೊಡ್ಡಬೀದಿಯಲ್ಲಿ ಐದು ಕಾರು ಸಾಲಾಗಿ, ನೆಟ್ಟಗೆ, ಗಂಭೀರವಾಗಿ ಸಾಗಿದವು. ಧರಣೇಂದ್ರಯ್ಯನವರು ಕೊನೆಯ ಕಾರಿನ ಕಿಟಕಿಯಿಂದ ಎರಡೂ ಕಡೆ ಕೈ ಮುಗಿಯುತ್ತಿದ್ದರು. ಗಡಿಯಾರದ ಕಂಬ ಬಂತು. ನನ್ನ ಕೈಯಲ್ಲಿದ್ದ ಸ್ಟೇರಿಂಗ್ ಮೆತ್ತಗೆ ಎಡಕ್ಕೆ ಜಾರಿತು. ಹಿಂದಿದ್ದ ತಹಶೀಲ್ದಾರರು, ಸ್ಕೂಲು ಅತ್ತ ಅಲ್ಲವೇ ಅಂದರು. ಹಗ್ಗ ಬಿಗಿದು, ಒಂದೊಂದೇ ಕಾರು ಮೂಲೆ ಸವರಿಕೊಂಡು ಗೋಡೌನ್ ಬೀದಿಗೆ ತಿರುಗಿತು. ತಿರುಗುವಾಗ ಹಿಂದಿನಿಂದ ಅಧ್ಯಕ್ಷರ ದನಿ, ನೆಟ್ಟಗೆ, ನೆಟ್ಟಗೆ ಅನ್ನುತ್ತಿದ್ದದ್ದು, ದೂರವಾಗಿ ಕೇಳಿಸಿತು. ಮೆರವಣಿಗೆ ನೋಡಲು ನಿಂತಿದ್ದ ಜನ ಕಾರುಗಳ ಹಿಂದೆಯೇ ಬಂದರು. ಮೇಷ್ಟ್ರ ಕಾರು ಎಲ್ಲಿಗೆ ತಿರುಗಿತು ಅಂತ ನೋಡಿದ ಮೇಲೆ ಇನ್ನಷ್ಟು ಜನ ಸೇರಿಕೊಂಡರು.

ಮಂದಾಕಿನಿಬಾಯಿಯ ಗೇಟಿನ ಮುಂದೆ ಕಾರು ನಿಂತು ಎರಡು ಸಲ ಹಾರನ್ ಹೊಡೆಯಿತು. ನಾನು ಒತ್ತಿದ್ದಲ್ಲ. ಮನೆಯ ಪಕ್ಕದಲ್ಲಿ ಬೇವಿನ ಮರದ ಕೆಳಗೆ ಕಂಪನಿಯ ಹಸಿರು ವ್ಯಾನು ನಿಂತಿತ್ತು. ಎಂಬತ್ತು ದಾಟಿದ ಮಂದಾಕಿನಿಬಾಯಿ ಬಾಗಿಲಿಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. ನಾಟಕದವರ ನಿಲುವು ಇನ್ನೂ ಹೋಗಿರಲಿಲ್ಲ. ಐದು ಕಾರು, ಟಿವಿಗಳು, ಹಾರ ಹಾಕಿಕೊಂಡ ತಹಶೀಲ್ದಾರರು, ಬೀದಿ ತುಂಬ ಜನ, ಎಲ್ಲವನ್ನೂ ನೋಡಿ ಕಡೆಗೆ ಮುಂದಿನ ಸೀಟಿನಲ್ಲಿದ್ದವರ ಮೇಲೆ ಕಣ್ಣು ನಿಲ್ಲಿಸಿದರು.

“ನೀವು ಒಂದಲ್ಲ ಒಂದು ದಿನ ಬರ್ತೀರ ಅಂತ ಗೊತ್ತಿತ್ತು. ಇಷ್ಟು ಜನರನ್ನ ಕರ್ಕೊಂಡು ಬರ್ತೀರ ಅಂತ ಗೊತ್ತಿರಲಿಲ್ಲ.”

ಗುರುಸಿದ್ದಮ್ಮನವರು ಕಾರಿನಿಂದ ಇಳಿಯಲಿಲ್ಲ. ಕೂತಲ್ಲಿಂದಲೇ ಕೇಳಿದರು, “ನಮ್ಮನೆಯವರು ಇಲ್ಲಿಗೆ ಬಂದು ಏನು ಮಾಡ್ತಿದ್ರು?”

ಒಳಗೆ ಬಂದರೆ ತೋರಿಸುತ್ತೇನೆ ಅಂದರು ಮಂದಾಕಿನಿಬಾಯಿ. ಗುರುಸಿದ್ದಮ್ಮನವರು ಇಳಿದರು. ನಾನು ಜೊತೆಗೆ ಹೋದೆ, ಇವರು ನನ್ನ ತೋಳು ಬಿಡಲಿಲ್ಲ. ತಹಶೀಲ್ದಾರರಿಗೆ ಎಲ್ಲಿ ನಿಲ್ಲಬೇಕೋ ತಿಳಿಯದೆ ಅವರೂ ಹಿಂದೆ ಬಂದರು.

ನಡುಮನೆಯಲ್ಲಿ ಒಂದು ಬೆತ್ತದ ಕುರ್ಚಿ, ಅದರ ಮೇಲೊಂದು ಕಂದು ಬಣ್ಣದ ಕುಶನ್. ನೋಡಿದ ಕೂಡಲೇ ನನ್ನ ಹೊಲಿಗೆ ಅಂತ ಗೊತ್ತಾಯಿತು. ಸ್ಟಾಫ್ ರೂಮಿಗೆ ಬೇಕು ಅಂತ ಮೇಷ್ಟ್ರೇ ಹೊಲಿಸಿಕೊಂಡು ಹೋಗಿದ್ದರು. ದಪ್ಪ ಮನುಷ್ಯ ಬಹಳ ಸಲ ಕೂತು ಎದ್ದ ಗುಂಡಿ ಅದರಲ್ಲಿ ಹಾಗೇ ಇತ್ತು. ಕುರ್ಚಿಯ ಎದುರಿಗೆ ಬಾಗಿಲು ಹಾಕಿದ ಮರದ ಟಿವಿ. ಮಂದಾಕಿನಿಬಾಯಿ ಅದರ ಬಾಗಿಲು ಎರಡೂ ಕಡೆಗೆ ಸರಿಸಿದರು. ಟಿವಿ ಬಂದು ನನ್ನ ಕಂಪನಿಗೆ ಜನ ಬರುವುದು ನಿಂತಿತು, ನನ್ನನ್ನು ಸೋಲಿಸಿದವನ ಮುಖ ನೋಡೋಣ ಅಂತ ಇದನ್ನು ತಂದಿಟ್ಟುಕೊಂಡೆ ಅಂದರು. ಮೇಷ್ಟ್ರು ಒಂದು ದಿನ ಟಿವಿ ಬೇಡವೆಂದು ಬುದ್ಧಿ ಹೇಳಲು ಬಂದವರು ಬಾಗಿಲಲ್ಲೇ ನಿಂತು ಅರ್ಧ ಗಂಟೆ ನೋಡಿದರಂತೆ. ಮುಂದಿನ ಗುರುವಾರ ಕಡಲೆಕಾಯಿ ಪೊಟ್ಟಣ ತಂದು ಕೂತೇ ನೋಡಿದರಂತೆ. ನಾಲ್ಕು ವರ್ಷ.

ಗುರುಸಿದ್ದಮ್ಮನವರು ಟಿವಿಯನ್ನೂ ಕುರ್ಚಿಯನ್ನೂ ಬಹಳ ಹೊತ್ತು ನೋಡಿದರು.

“ಬೇರೆ ಏನಾದ್ರೂ ಆಗಿದ್ರೆ ಏನು ಅನ್ನಬೇಕು ಅಂತ ಇಷ್ಟು ವರ್ಷದಿಂದ ಮನಸ್ಸಲ್ಲೇ ಜೋಡಿಸಿ ಇಟ್ಟಿದ್ದೆ. ಇದಕ್ಕೆ ಏನನ್ನಲಿ?” ಅಂದರು. ಆಮೇಲೆ ಕಿಟಕಿಯಲ್ಲಿ ಜನ ಇಣುಕುತ್ತಿದ್ದುದು ಕಂಡು ದನಿ ಎತ್ತರಿಸಿ, ಪ್ರತಿಜ್ಞೆ ಮಾಡಿದವರೇ ಹೀಗೆ ಮಾಡಿದರಲ್ಲ, ತಾನಾದರೋ ಆ ಪೆಟ್ಟಿಗೆಯ ಕಡೆ ಕತ್ತು ಕೂಡ ತಿರುಗಿಸಿದವಳಲ್ಲ ಎಂದು ಹೇಳಿದರು. ನಾನು ಕುಶನ್ನಿನ ಹೊಲಿಗೆ ನೋಡುತ್ತಾ ನಿಂತೆ.

ಏಳಾಯಿತು. ಟಿವಿ ತಾನೇ ಗುಂಯ್ ಅಂದು, ಬೆಟ್ಟದ ಆಸ್ಪತ್ರೆ ಬಂತು. ಗುರುಸಿದ್ದಮ್ಮನವರು ಗೋಡೆಯ ಕಡೆ ತಿರುಗಿ ನಿಂತರು. ಸ್ವಲ್ಪ ಹೊತ್ತಿಗೆ ಭುಜ ಈ ಕಡೆಗೆ ಬಂತು, ಆಮೇಲೆ ಕತ್ತು. ನರ್ಸಮ್ಮ ಔಷಧಿ ಕೋಣೆಯ ಕೀಲಿಯನ್ನು ಕಾಂಪೌಂಡರನ ಕೈಗೆ ಕೊಡುವುದಿತ್ತು.

“ಕೊಡಬೇಡ ಕಣೇ, ಹೋದ ಸಲವೂ ಹೀಗೇ ಮಾಡಿದ್ನಲ್ಲ” ಅಂದರು ಗುರುಸಿದ್ದಮ್ಮನವರು, ಟಿವಿಗೆ.

ಮನೆಯೊಳಗೆ, ಕಿಟಕಿಯಲ್ಲಿ, ಎಲ್ಲರೂ ಅವರ ಕಡೆ ನೋಡಿದರು. ಅವರು ನನ್ನ ಕಡೆ ನೋಡಿದರು. ಮಂದಾಕಿನಿಬಾಯಿ ನಗಲಿಲ್ಲ. ಮೇಷ್ಟ್ರು ಪ್ರತಿ ವಾರ ಹೋಗುವಾಗ ಒಂದೇ ಮಾತು ಹೇಳುತ್ತಿದ್ದರಂತೆ, ನಮ್ಮನೆಯವಳಿಗೆ ಗೊತ್ತಾದರೆ ಮುಖ ಎತ್ತುವ ಹಾಗಿಲ್ಲ, ನಾನು ಆಡಿದ ಮಾತನ್ನು ಅವಳು ನಡೆಸುತ್ತಿದ್ದಾಳೆ ಅಂತ. ಗುರುಸಿದ್ದಮ್ಮನವರು ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಅಳುವೋ ನಗುವೋ ನನಗೆ ಕಾಣಿಸಲಿಲ್ಲ.

ಮಂದಾಕಿನಿಬಾಯಿ ಒಂದೊಂದು ಪಾತ್ರವನ್ನೂ ಎದ್ದು ನಿಂತು ಅಭಿನಯಿಸಿ ಅರ್ಥ ಹೇಳತೊಡಗಿದರು. ಜೈತೂನ್‌ಬಿ ಹೇಳಿದ್ದು ಹಾಗಲ್ಲವಲ್ಲ ಅಂದರು ಗುರುಸಿದ್ದಮ್ಮನವರು. ಹಿಂದಿ ಓದಿದ್ದ ತಹಶೀಲ್ದಾರರು, ಅವನು ಹೇಳುತ್ತಿರುವುದು ಇವೆರಡೂ ಅಲ್ಲ ಅಂತ ಬಾಯಿ ಹಾಕಿದರು. ಇಬ್ಬರೂ ಅವರನ್ನು ಸುಮ್ಮನಿರಿಸಿ, ಕೈಗೆ ಕಡಲೆಕಾಯಿ ಕೊಟ್ಟರು. ಅವರು ಸುಲಿಯತೊಡಗಿದರು.

ಏಳೂ ಇಪ್ಪತ್ತೈದಾಯಿತು. ಗಡಿಯಾರವನ್ನು ಯಾರೂ ನೋಡಿರಲಿಲ್ಲ. ಗುರುಸಿದ್ದಮ್ಮನವರು ತಟ್ಟನೆ ಎದ್ದು ಸೆರಗು ಸಿಕ್ಕಿಸಿಕೊಂಡು ಬಾಗಿಲ ಕಡೆ ನಡೆದರು. ಅವರ ಕಾಲಿಗೆ ಆ ಹೊತ್ತು ಇನ್ನೂ ನೆನಪಿತ್ತು.

ನಾನು ಅಡ್ಡ ನಿಂತು ಹೇಳಿದೆ, “ಕೂತ್ಕೊಳ್ಳಿ ಅಮ್ಮಾವ್ರೇ. ಮೇಷ್ಟ್ರು ಇನ್ನೂ ಐದು ನಿಮಿಷ ಇಲ್ಲೇ ಇರ್ತಾರೆ.”

ಅವರು ನನ್ನ ಮುಖ ನೋಡಿ, ಹಿಂದಕ್ಕೆ ಬಂದು, ಬೆತ್ತದ ಕುರ್ಚಿಯ ಆ ಗುಂಡಿಯಲ್ಲಿ ಕೂತು, ಒಂದು ವಾರದ ಕೊನೆಯ ಐದು ನಿಮಿಷವನ್ನು ಮೊದಲ ಸಲ ನೋಡಿದರು. ಏಳೂ ಮೂವತ್ತೆರಡಕ್ಕೆ ಹೊರಗೆ ಹಾರನ್ ಆಯಿತು. ಕಾರು ಮನೆಗೆ ಹೊರಟಿತು, ಹಿಂದೆ ನಾಲ್ಕು ಕಾರು, ಟಿವಿಗಳು, ತಹಶೀಲ್ದಾರರು. ಮೆರವಣಿಗೆ ಕಡೆಗೂ ಹೈಸ್ಕೂಲು ಮುಟ್ಟಲಿಲ್ಲ; ಅಲ್ಲಿ ಬ್ಯಾಂಡಿನವರು ಕತ್ತಲಾಗುವ ತನಕ ಕಾದು ತಮ್ಮಷ್ಟಕ್ಕೆ ಬಾರಿಸಿ ಹೋದರಂತೆ. ಧರಣೇಂದ್ರಯ್ಯನವರು ಮಾತ್ರ ಇದು ಹೀಗೇ ಆಗಬೇಕೆಂದು ತಾವೇ ಯೋಜಿಸಿದ್ದು ಅಂತ ಈಗಲೂ ಹೇಳುತ್ತಾರೆ. ಮುಂದಿನ ಸಲದ ಆಹ್ವಾನ ಪತ್ರಿಕೆಯಲ್ಲಿ ‘ಗೋಡೌನ್ ಬೀದಿಯ ಮೂಲಕ’ ಅಂತ ಅಚ್ಚು ಹಾಕಿಸುತ್ತಾರಂತೆ.

ಮಂದಾಕಿನಿಬಾಯಿಯ ಟಿವಿಯಲ್ಲಿ ಕಥೆ ಮುಗಿಯಲು ಇನ್ನು ಹನ್ನೊಂದು ವಾರ ಇತ್ತು. ಅಷ್ಟೂ ಗುರುವಾರ ಗುರುಸಿದ್ದಮ್ಮನವರೂ ಜೈತೂನ್‌ಬಿಯೂ ಫಿಯೆಟ್ಟಿನಲ್ಲಿ ಹೋದರು. ನಾನು ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡು ಕೂತೆ. ಅರ್ಥ ಹೇಳುವ ವಿಚಾರದಲ್ಲಿ ಜೈತೂನ್‌ಬಿಗೂ ಮಂದಾಕಿನಿಬಾಯಿಗೂ ಮೊದಲ ದಿನವೇ ಜಗಳ ಹತ್ತಿಕೊಂಡಿತು. ಇವಳ ಪ್ರಕಾರ ಕಾಂಪೌಂಡರ್ ಆ ಆಸ್ಪತ್ರೆಯ ಡಾಕ್ಟರ ತಮ್ಮ, ಅವರ ಪ್ರಕಾರ ಅವನು ಮಾರುವೇಷದ ಪೊಲೀಸು. ಎರಡು ಕಥೆಯನ್ನೂ ಕೇಳುತ್ತಾ ಗುರುಸಿದ್ದಮ್ಮನವರು ನಡುವೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಕೊನೆಯ ಕಂತಿನ ಬಗ್ಗೆ ಮಾತ್ರ ಇಬ್ಬರದೂ ಒಂದೇ ಮಾತು. ಜೈತೂನ್‌ಬಿ ಅದನ್ನು ನೋಡದೆಯೇ ಹೇಳಿದ್ದಳು, ನರ್ಸಮ್ಮ ಡಾಕ್ಟರನ್ನು ಮದುವೆಯಾಗುತ್ತಾಳೆ ಅಂತ. ಮಂದಾಕಿನಿಬಾಯಿ ಅಂದು ನೋಡಿದ್ದರೂ ಈಗ ಮರೆತಿದ್ದರು. ನಾಟಕವೆಂದ ಮೇಲೆ ಮದುವೆಯಲ್ಲಿ ಮುಗಿಯದೆ ಇನ್ನೆಲ್ಲಿ ಮುಗಿಯುತ್ತದೆ ಅಂದರು.

ಹನ್ನೊಂದನೆಯ ಗುರುವಾರ ಏಳೂ ಇಪ್ಪತ್ತೈದರ ಮೇಲೆ ಯಾರೂ ಅರ್ಥ ಹೇಳಲು ಹೋಗಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ನರ್ಸಮ್ಮ ಬಿಳಿ ಟೋಪಿ ತೆಗೆದು ಮೇಜಿನ ಮೇಲಿಟ್ಟಳು, ಒಂದು ಟ್ರಂಕು ಹಿಡಿದುಕೊಂಡು ನಡೆದು ಬಂದಳು, ಬಸ್ಸು ಹತ್ತಿದಳು. ಡಾಕ್ಟರು ರಸ್ತೆಯಲ್ಲಿ ನಿಂತಿದ್ದರು. ಅವಳು ಕಿಟಕಿಯಿಂದ ಹೊರಗೆ, ಬೆಟ್ಟದ ಕಡೆ ನೋಡಿದಳು, ಅವರ ಕಡೆ ನೋಡಲಿಲ್ಲ. ಬಸ್ಸು ತಿರುವು ದಾಟಿತು. ಅಷ್ಟೇ.

“ಹೋದಳು” ಅಂದಳು ಜೈತೂನ್‌ಬಿ.

ಗುರುಸಿದ್ದಮ್ಮನವರು ಕುರ್ಚಿಯ ತೋಳನ್ನು ಸವರುತ್ತಿದ್ದರು. “ಇದಕ್ಕೇ ಅವತ್ತು ಊಟ ಬಿಟ್ಟಿದ್ದು. ಪಾಪ, ಯಾರಿಗೂ ಹೇಳೋ ಹಾಗಿರಲಿಲ್ಲ. ನನಗೊಂದು ಮಾತು ಹೇಳಿದ್ರೆ ಇಬ್ಬರೂ ಊಟ ಬಿಡಬಹುದಿತ್ತು.”

ಹಾರನ್ ಆಯಿತು. ಆವತ್ತು ಯಾರೂ ಏಳಲಿಲ್ಲ. ಕಾರು ಖಾಲಿಯಾಗಿಯೇ ಮನೆಗೆ ಹೋಯಿತು. ನಾವು ನಡೆದುಕೊಂಡು ಹೋದೆವು. ಹೋಗುವಾಗ ಗುರುಸಿದ್ದಮ್ಮನವರು ಬೇವಿನ ಮರದ ಕೆಳಗೆ ನಿಂತು ಆ ಹಸಿರು ವ್ಯಾನು ಯಾವತ್ತು ಎಲ್ಲಿಗೆ ಹೋಗುತ್ತದೆ ಅಂತ ಮಂದಾಕಿನಿಬಾಯಿಯನ್ನು ಕೇಳಿದರು. ಅದು ಕಂಪನಿಯ ವ್ಯಾನು, ಪ್ರತಿ ವರ್ಷ ಇದೇ ಬರುವ ಸೋಮವಾರಕ್ಕೆ ಹೊರಡುತ್ತಿತ್ತು, ಊರಿಂದೂರಿಗೆ ಕ್ಯಾಂಪು, ದೀಪಾವಳಿಗೆ ವಾಪಸು ಅಂದರು ಅವರು. ನಮ್ಮೂರಲ್ಲಿ ಊರು ಬಿಟ್ಟು ಹೋಗಿ ಮತ್ತೆ ತಾನೇ ಬರುವ ಅಭ್ಯಾಸದ ಗಾಡಿ ಅದೊಂದೇ.

ಮಾರನೆ ದಿನ ನನಗೆ ವ್ಯಾನಿನ ಸೀಟಿನ ಕೆಲಸ ಬಂತು. ಮೂರು ಸೀಟು ಹೊಲಿಯಲು ಹೇಳಿದರು. ಎರಡು ಇಬ್ಬರಿಗೆ, ಮೂರನೆಯದು ಹಾರ್ಮೋನಿಯಂ ಇಡಲು ಇರಬೇಕು ಅಂದುಕೊಂಡು ಹೊಲಿದೆ. ಭಾನುವಾರ ರೊಟ್ಟಿ ತಟ್ಟುತ್ತಾ ಜೈತೂನ್‌ಬಿ, ಮೂರನೆಯದಕ್ಕೆ ನಾರು ಸ್ವಲ್ಪ ಹೆಚ್ಚಿಗೆ ತುಂಬಬೇಕಿತ್ತು, ನನ್ನ ಸೊಂಟ ನಿಮಗೆ ಗೊತ್ತಿಲ್ಲವೇ ಅಂದಳು.

ಫಿಯೆಟ್ಟಿನ ಕೀಲಿ, ಗೋಡೌನ್ ಬೀದಿಯ ಮನೆಯ ಕೀಲಿ ಎರಡೂ ನನ್ನ ಕೈಗೆ ಬಂದವು. ಮುಂದಿನ ಗುರುವಾರದಿಂದ ಕಥೆ ಮತ್ತೆ ಮೊದಲಿನಿಂದ ಶುರು, ಒಂದು ವಾರವೂ ತಪ್ಪಿಸಬೇಡಿ ಅಂದಳು ಜೈತೂನ್‌ಬಿ. “ಬಂದಾಗ ಎಲ್ಲಾ ಹೇಳ್ಬೇಕು. ನೋಡಿದ್ದನ್ನ ನೋಡಿದ ಹಾಗೇ ಹೇಳಿ, ನಿಮ್ಮದೇನೂ ಸೇರಿಸಬೇಡಿ.” ನಲವತ್ತು ವರ್ಷ ಸೇರಿಸಿಕೊಂಡು ಬಂದವಳು ಹೇಳಿದ ಮಾತು ಅದು. ನಾನು ಆಗಲಿ ಅಂದೆ. ಸ್ಟೇರಿಂಗಿನ ಮೇಲೆ ಕೈ ಇಟ್ಟು ಮಂದಾಕಿನಿಬಾಯಿ, ಪಕ್ಕದಲ್ಲಿ ಹೊಸ ಕುಚ್ಚಿನ ಆ ಹಳೇ ಸೀರೆ ಉಟ್ಟು ಗುರುಸಿದ್ದಮ್ಮನವರು, ಹಿಂದೆ ರೊಟ್ಟಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನನ್ನ ಹೆಂಡತಿ, ಮೂವರೂ ಹೊರಟುಹೋದರು. ಮಾವಿನಹಣ್ಣಿನ ಕಾಲ, ವೈಶಾಖದ ಕೊನೆಯ ಸೋಮವಾರ.